ಗಜದ ಕೊಳ, ಮೀಟರಿನ ಕೊಳ

ಈಜುಕೊಳದ ಅಂಚಿನಲ್ಲಿ ಮಂಡಿಯೂರಿ ಕೂತು, ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಕೊಳದ ಉದ್ದ ಅಳೆಯಲು ಶುರು ಮಾಡಿದಾಗ ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇಂಚಪ್ಪನವರು ಕ್ಯಾರೇ ಅನ್ನಲಿಲ್ಲ. ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು ಅವರು. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಕಿಟಕಿಯ ಪರದೆ ನೆಲದಿಂದ ಎಷ್ಟು ಇಂಚು ಮೇಲಿದೆ ಎಂದು. ಜನ ಇಂಚಪ್ಪ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಟೇಪನ್ನು ಹದಿನೈದು ಸಲ ಎತ್ತಿ ಎತ್ತಿ ಇಟ್ಟ ಮೇಲೆ ಎದ್ದು ನಿಂತು, ನೀರಿನಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದರು. "ಇದು ಮೀಟರಿನ ಕೊಳ ಅಲ್ಲ ಕಣೇ! ಎಪ್ಪತ್ತೈದು ಅಡಿ. ಇಪ್ಪತ್ತೈದು ಗಜ!"

"ಆದ್ರೆ ಏನೀಗ?" ಎಂದರು ಸಿಸ್ಟರಮ್ಮ.

ಸಿಸ್ಟರಮ್ಮ ಎಂದರೆ ಅವರ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮೊಣಕಾಲು ನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ನೆಪ, ಐವತ್ತೆಂಟನೇ ವಯಸ್ಸಿನಲ್ಲಿ ನೀರಿಗಿಳಿದರು. ಮೂರು ವರ್ಷದಲ್ಲಿ ನೋವು ಹೋಯಿತೋ ಬಿಟ್ಟಿತೋ, ಹುಚ್ಚು ಮಾತ್ರ ಹತ್ತಿತು. ಈಗ ಪಕ್ಕದ ಊರಿನಲ್ಲಿ ಅರವತ್ತು ದಾಟಿದವರ ಈಜು ಸ್ಪರ್ಧೆ ಇತ್ತು. ಹೆಂಗಸರಿಗೆ ನೂರು ಮೀಟರು. ಎರಡು ನಿಮಿಷ ನಲವತ್ತು ಸೆಕೆಂಡಿನ ಒಳಗೆ ಮುಗಿಸಿದವರ ಹೆಸರು ಮಾತ್ರ ಫಲಿತಾಂಶದ ಪಟ್ಟಿಗೆ. ಉಳಿದವರಿಗೆ ಚಪ್ಪಾಳೆ.

"ಕಪ್ ಬೇಡ, ಪದಕ ಬೇಡ," ಎಂದಿದ್ದರು ಸಿಸ್ಟರಮ್ಮ. "ಮೂವತ್ತನಾಲ್ಕು ವರ್ಷ ಮಂದಿಯ ಹೆಸರಿನ ಮುಂದೆ ಜ್ವರ, ನಾಡಿ, ಬಿಪಿ ಬರೆದೆ. ಒಂದ್ಸಲ ನನ್ನ ಹೆಸರಿನ ಮುಂದೆ ಯಾರಾದ್ರೂ ಒಂದು ಅಂಕಿ ಬರೀಲಿ."

ಅಲ್ಲಿಯವರೆಗೆ ಕೊಳ ಇಪ್ಪತ್ತೈದು ಮೀಟರಿನದು ಎಂದೇ ಅವರು ನಂಬಿದ್ದರು. ನಾಲ್ಕು ಉದ್ದ ಈಜಲು ಅವರಿಗೆ ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು ಸಾಕಾಗುತ್ತಿತ್ತು. ಹದಿನಾರು ಸೆಕೆಂಡು ಕೈಯಲ್ಲಿದೆ ಎಂದು ಹಿಗ್ಗಿದ್ದರು. ಆದರೆ ಗಜದ ಕೊಳದಲ್ಲಿ ನಾಲ್ಕು ಉದ್ದ ಎಂದರೆ ನೂರು ಗಜ. ಅದು ತೊಂಬತ್ತೊಂದೂವರೆ ಮೀಟರಿಗೂ ಒಂದಿಷ್ಟು ಕಡಿಮೆ. ಎಂಟೂವರೆ ಮೀಟರು ಮಂಗಮಾಯ.

ಇಂಚಪ್ಪನವರು ಹೆದರಲಿಲ್ಲ. ಗಜವನ್ನು ಮೀಟರು ಮಾಡುವುದು, ಮೀಟರನ್ನು ಗಜ ಮಾಡುವುದು ಅವರಿಗೆ ಎಡಗೈ ಕೆಲಸ. ಅಂಗಡಿಯ ಸೀಮೆಸುಣ್ಣದಲ್ಲೇ ಮೇಜಿನ ಮೇಲೆ ಗುಣಿಸಿದರು. ನೂರು ಗಜಕ್ಕೆ ನೂರ ನಲವತ್ತನಾಲ್ಕು ಸೆಕೆಂಡಾದರೆ ನೂರು ಮೀಟರಿಗೆ ನೂರ ಐವತ್ತೇಳೂವರೆ. ಅಂದರೆ ಎರಡು ಮೂವತ್ತೇಳೂವರೆ.

"ಎರಡೂವರೆ ಸೆಕೆಂಡು ಉಳೀತು. ಧೈರ್ಯವಾಗಿ ಅರ್ಜಿ ಹಾಕು. ನನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?"

ಸಿಸ್ಟರಮ್ಮ ಅರ್ಜಿ ಹಾಕಿದರು.

ಮಾರನೇ ವಾರ ಇಂಚಪ್ಪನವರು ಈ ಲೆಕ್ಕವನ್ನು ಕೊಳದಲ್ಲಿ ಈಜು ಕಲಿಸುವ ಕೋಚ್ ಹುಡುಗಿಯ ಮುಂದೆ ಹೆಮ್ಮೆಯಿಂದ ಒಪ್ಪಿಸಿದರು. ಅವಳು ತುಟಿ ಕಚ್ಚಿಕೊಂಡು ಕೇಳಿದಳು. ನಗು ತಡೆಯುತ್ತಿದ್ದಳೋ ಅಯ್ಯೋ ಎನಿಸಿತ್ತೋ ಗೊತ್ತಾಗಲಿಲ್ಲ.

"ಅಂಕಲ್, ಇದು ಬಟ್ಟೆಯ ಲೆಕ್ಕ. ಬಟ್ಟೆ ಈ ತುದಿಯಿಂದ ಆ ತುದೀವರೆಗೆ ಒಂದೇ ಥರ ಇರುತ್ತೆ, ಈಜು ಹಾಗಲ್ಲ. ಆಂಟಿ ಪ್ರತಿ ಸಲ ತಿರುಗುವಾಗ ಗೋಡೆ ಒದ್ದು ಮುಂದೆ ಹೋಗ್ತಾರಲ್ಲ, ಅಷ್ಟು ದೂರ ಪುಕ್ಕಟೆ. ನಮ್ಮಲ್ಲಿ ಮೂರು ಸಲ ತಿರುಗ್ತಾರೆ. ಸ್ಪರ್ಧೆ ನಡೆಯೋದು ಐವತ್ತು ಮೀಟರಿನ ಕೊಳದಲ್ಲಿ, ಅಲ್ಲಿ ತಿರುಗೋದು ಒಂದೇ ಸಲ. ಎರಡು ಒದೆತ ಹೋಯ್ತು. ನಿಮ್ಮ ಲೆಕ್ಕಕ್ಕೆ ಇನ್ನೂ ನಾಲ್ಕು ಸೆಕೆಂಡು ಸೇರಿಸಿ."

ಎರಡು ನಲವತ್ತೊಂದೂವರೆ. ಒಂದೂವರೆ ಸೆಕೆಂಡು ಹೊರಗೆ. ಇಂಚಪ್ಪನವರ ಮಾತು ನಂಬಿ ಹೆಂಡತಿ ಅಕ್ಕತಂಗಿಯರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು. ಸ್ಪರ್ಧೆಗೆ ಇನ್ನು ಮೂರೇ ವಾರ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದರು. ಮೂರನೇ ದಿನ, ಇಸ್ತ್ರಿ ಮಾಡುತ್ತಿದ್ದ ಹೆಂಡತಿಯ ಪಕ್ಕ ನಿಂತು, ಇಸ್ತ್ರಿಪೆಟ್ಟಿಗೆಯ ವೈರು ಹಿಡಿದುಕೊಂಡು, ಎಲ್ಲ ಹೇಳಿಬಿಟ್ಟರು.

ಸಿಸ್ಟರಮ್ಮ ಅಂಗಿ ಮಡಚಿಟ್ಟರು. "ನಿಮ್ಮನ್ನ ಯಾರ್ರೀ ಕೊಳ ಅಳೀರಿ ಅಂದಿದ್ದು?"

ಇಂಚಪ್ಪನವರು ವೈರಿನ ಗಂಟು ಬಿಡಿಸತೊಡಗಿದರು. ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಸಿಸ್ಟರಮ್ಮ ಅಡುಗೆಮನೆಯಿಂದಲೇ ಕೂಗಿದರು. "ರೀ, ಹಾಗಾದ್ರೆ ಸ್ಪರ್ಧೆಯವರೆಗೆ ನಾನು ಗೋಡೆ ಒದೆಯೋದೇ ಬಿಟ್ಟುಬಿಡ್ತೀನಿ."

"ಆಂ?"

"ಮುಟ್ಟಿ, ನಿಂತು, ಬರೀ ಕೈಯಲ್ಲೇ ಹೊರಡ್ತೀನಿ. ಪುಕ್ಕಟೆ ಏನೂ ಬೇಡ. ಆಗ ನಿಮ್ಮ ಬಟ್ಟೆ ಲೆಕ್ಕ ಸರಿಯಾಗುತ್ತಲ್ವಾ?"

ಇಂಚಪ್ಪನವರು ಕೂತಲ್ಲೇ ಕೂತು ಯೋಚಿಸಿದರು. ಆಗುತ್ತದೆ! ಎಲ್ಲ ಗಜವೂ ತೋಳಿನ ಬಲದ್ದೇ ಆದರೆ ಬರೀ ಗುಣಿಸಿದರೆ ಸಾಕು. ಹೆಂಡತಿಯನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು. ಅಡುಗೆಮನೆಗೆ ಹೋಗಿ, ಕುಣಿಯುವ ಬದಲು ಪಾತ್ರೆ ಒರೆಸಿಕೊಟ್ಟರು.

ಒದೆಯದೆ ಈಜಿದ ಮೊದಲ ದಿನ ಎರಡು ಮೂವತ್ತೊಂದು. ಸಿಸ್ಟರಮ್ಮನ ಭುಜ ಸಂಜೆಗೆ ಮೇಲೇಳಲಿಲ್ಲ. ಇಂಚಪ್ಪನವರು ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಮೊದಲ ವಾರ ಇಪ್ಪತ್ತೊಂಬತ್ತು, ಎರಡನೇ ವಾರ ಇಪ್ಪತ್ತೇಳು. ಹೊರಡುವ ಹಿಂದಿನ ದಿನ ಎರಡು ಇಪ್ಪತ್ತಾರು. ಗುಣಿಸಿದರೆ ಎರಡು ಮೂವತ್ತೊಂಬತ್ತು ಮುಕ್ಕಾಲು. ಕೂದಲೆಳೆ ಅಂತರ, ಆದರೂ ಒಳಗೇ.

ಸ್ಪರ್ಧೆಯ ದಿನ ಐದನೇ ಸಾಲಿಗೆ ವಾಚ್ ಹಿಡಿಯುವವರು ಬಂದಿರಲಿಲ್ಲ. ಕೊರಳಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡು ಶತಪಥ ಹಾಕುತ್ತಿದ್ದ ಇಂಚಪ್ಪನವರನ್ನು ವ್ಯವಸ್ಥಾಪಕರು ಕರೆದರು.

"ಐದನೇ ಸಾಲಿನಲ್ಲಿ ಈಜೋರು ನನ್ನ ಮನೆಯವಳು," ಎಂದರು ಇಂಚಪ್ಪನವರು.

"ಬೇರೆ ಜನ ಇಲ್ಲ. ಸುಳ್ಳು ಬರೀಬೇಡಿ, ಅಷ್ಟೇ."

"ನಾನಾ? ಸುಳ್ಳಾ?" ಇಂಚಪ್ಪನವರಿಗೆ ಸ್ವಲ್ಪ ಸಿಟ್ಟೇ ಬಂತು.

ಶಿಳ್ಳೆ ಕೇಳಿಸಿತು. ಇಂಚಪ್ಪನವರು ವಾಚಿನ ಗುಂಡಿ ಒತ್ತಿದರು. ಸಿಸ್ಟರಮ್ಮ ಹೊರಟರು. ಐವತ್ತು ಮೀಟರಿನ ಕೊಳ ಎಷ್ಟು ಉದ್ದ ಎಂದು ಇಂಚಪ್ಪನವರಿಗೆ ಅವತ್ತೇ ಅರ್ಥವಾದದ್ದು. ಆ ತುದಿಯಲ್ಲಿ ಹೆಂಡತಿಯ ನೀಲಿ ಟೋಪಿ ಅಂಗಿಯ ಗುಂಡಿಯಷ್ಟಾಗಿ ಕಂಡಿತು. ತಿರುಗಿ, ಒದ್ದು, ವಾಪಸ್ ಬರತೊಡಗಿತು. ಎಡಗೈ, ಬಲಗೈ, ಎಡಗೈ, ಬಲಗೈ. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿಯುತ್ತಿದ್ದ ಅವಳೇ ಇವಳಾ? ಯಾರಿಗೂ ಗೊತ್ತಾಗದ ಹಾಗೆ ಇಂಥದ್ದನ್ನು ಎಲ್ಲಿ ಇಟ್ಟುಕೊಂಡಿದ್ದಳು? ಇಂಚಪ್ಪನವರು "ಬಾ, ಬಾ, ಬಾರೇ!" ಎಂದು ಎರಡೂ ಕೈ ಮೇಲೆತ್ತಿ ಕೂಗಿದರು. ಸಿಸ್ಟರಮ್ಮ ಗೋಡೆ ಮುಟ್ಟಿ ತಲೆ ಎತ್ತಿದರು.

"ಎಷ್ಟು?"

ಇಂಚಪ್ಪನವರು ಕೈ ಇಳಿಸಿ ನೋಡಿದರು. ವಾಚ್ ಇನ್ನೂ ಓಡುತ್ತಿತ್ತು. ಎರಡು ಐವತ್ತೆರಡು, ಐವತ್ತಮೂರು.

ವ್ಯವಸ್ಥಾಪಕರು ಚೀಟಿ ಹಿಡಿದು ಬಂದರು. "ಹೇಳಿ ಸಾರ್, ಎಷ್ಟು?"

ಎರಡು ಮೂವತ್ತೆಂಟು ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಂಚಪ್ಪನವರಿಗೂ ಅಷ್ಟೇ ಆಗಿರಬಹುದು ಅನ್ನಿಸಿತ್ತು. ಆದರೂ ಓಡುತ್ತಿದ್ದ ವಾಚನ್ನೇ ಮುಂದೆ ಹಿಡಿದರು. "ಒತ್ತೋದು ಮರೆತೆ."

ಹೊತ್ತು ದಾಖಲಾಗದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. ಬೇಕಿದ್ದರೆ ಒಂದು ಗಂಟೆ ಬಿಟ್ಟು ಕೊನೆಯ ಗುಂಪಿನ ಜೊತೆ ಮತ್ತೆ ಈಜಬಹುದು ಎಂದು ಹೇಳಿ, ವ್ಯವಸ್ಥಾಪಕರು ವಾಚ್ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟರು. ಇಂಚಪ್ಪನವರಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನುವಂತಾಯಿತು. ಹೆಂಡತಿಯ ಬೈಗುಳ ಕಾಯುತ್ತ ತಲೆ ತಗ್ಗಿಸಿ ನಿಂತರು.

ಸಿಸ್ಟರಮ್ಮ ಏದುಸಿರು ಬಿಡುತ್ತ ಅವರನ್ನೇ ನೋಡಿದರು. ಕಣ್ಣು ಕೆಂಪಗಾಗಿದ್ದದ್ದು ನೀರಿಗೋ ಏನೋ. "ಮತ್ತೆ ಈಜ್ತೀನಿ," ಎಂದು ವ್ಯವಸ್ಥಾಪಕರಿಗೆ ಹೇಳಿ, ಗಂಡನ ಕಡೆ ತಿರುಗಿದರು. "ಈಗ ಕೈ ಖಾಲಿ ಇದೆಯಲ್ಲ. ಅಲ್ಲೇ ಕೂತು ನೋಡಿ."

ಎರಡನೇ ಸಲ ಎರಡು ಮೂವತ್ತೊಂಬತ್ತು. ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು. ಗೋಡೆಗೆ ಅಂಟಿಸಿದ ಆ ಹಾಳೆಯ ಮೇಲೆ ಬೆರಳಿಟ್ಟು ಸಿಸ್ಟರಮ್ಮ ತುಂಬ ಹೊತ್ತು ನಿಂತರು. ಅಕ್ಕನಿಗೆ ಫೋಟೋ ಕಳಿಸಿದರು, ತಂಗಿಗೆ ಕಳಿಸಿದರು. ಆಮೇಲೆ ತಲೆ ಒರೆಸಿಕೊಳ್ಳುತ್ತ ಕೇಳಿದರು.

"ರೀ, ಮೊದಲನೇದು ಇದಕ್ಕಿಂತ ಜೋರಾಗಿತ್ತು ಅಲ್ವಾ? ಸುಮಾರು ಎಷ್ಟಿರಬಹುದು?"

"ಗೊತ್ತಿಲ್ಲ ಕಣೇ," ಎಂದರು ಇಂಚಪ್ಪನವರು. "ಏನು ಚೆಂದ ಬರ್ತಿದ್ದೆ ಅಂದ್ರೆ, ನಂಗೆ ಬೇರೇನೂ ಕಾಣಿಸ್ಲಿಲ್ಲ."

ಸಿಸ್ಟರಮ್ಮ ಟವೆಲ್ಲನ್ನು ಕಿವಿಯಿಂದ ಪಕ್ಕಕ್ಕೆ ಸರಿಸಿದರು. "ಇನ್ನೊಂದ್ಸಲ ಹೇಳಿ."