ಕಂಬದ ಮೇಲಿನ ಬೇಡಿಕೆ

ಕೃಷ್ಣೆಗೆ ಮಹಾಪೂರ ಬಂದ ವಾರ ಲೈನ್‌ಮನ್ ಮಾಯಪ್ಪನ ಮಗಳು ಮಯೂರಿ ಡೆಂಗಿ ಜ್ವರದಿಂದ ಹೊಳೆಯಾಚೆಯ ಮಿರಜದ ಆಸ್ಪತ್ರೆಯಲ್ಲಿದ್ದಳು. ಹೆಂಡತಿ ನೀಲಮ ಅವಳನ್ನು ಕರೆದುಕೊಂಡು ಹೋದಾಗ ರಸ್ತೆ ತೆರೆದಿತ್ತು. ಮಾಯಪ್ಪ ಮರುದಿನ ಹೋಗುವವನಿದ್ದ. ಬೆಳಗಾಗುವಷ್ಟರಲ್ಲಿ ಅಂಕಲಿ ಹತ್ತಿರದ ಸೇತುವೆ ಮುಳುಗಿ, ಪೊಲೀಸರು ದಾರಿ ಬಂದ್ ಮಾಡಿದ್ದರು.

ಅವನು ನೀರಿನ ಅಂಚಿಗೆ ಹೋಗಿ ನಿಂತ. ಕಬ್ಬಿನ ಹೊಲಗಳ ಗುರುತೇ ಇರಲಿಲ್ಲ. ಕಣ್ಣು ಹೋಗುವ ತನಕ ಕೆಂಪು ನೀರು ಸದ್ದಿಲ್ಲದೆ ಸರಿಯುತ್ತಿತ್ತು. ಈಜು ಕಲಿತ ಹೊಳೆಯೇ ಆದರೂ ಅದು ಇಷ್ಟು ದೊಡ್ಡದೆಂದು ಅವನಿಗೆ ತಿಳಿದಿರಲಿಲ್ಲ.

ಅಲ್ಲಿರುವಾಗಲೇ ನೀಲಮಳ ಫೋನ್ ಬಂತು. "ರಗತದಾಗ ಪ್ಲೇಟ್‌ಲೆಟ್ ಇಳ್ಯಾಕತ್ತಾವಂತ. ಡಾಕ್ಟರು ಏನೂ ಹೇಳವಲ್ರು. ಹೆಂಗರ ಮಾಡಿ ಬರ್ರಿ."

"ದಾರಿನ ಇಲ್ಲ, ನೀಲಮ."

ಆಕೆ ದನಿ ಗಟ್ಟಿಮಾಡಿಕೊಂಡಳು. "ಇರ್ಲಿ ಬಿಡ್ರಿ. ನಾ ಅದೀನಿ."

ಮನೆಗೆ ಬಂದಾಗ ತಾಯಿ ಸುಂದ್ರವ್ವ ದೇವರ ಜಗಲಿಯ ಮುಂದೆ ಕೂತಿದ್ದಳು. ಚಿಂಚಲಿ ಮಾಯವ್ವ ಅವರ ಮನೆದೇವರು. ಮಗನಿಗೆ ಆ ಹೆಸರು ಬಂದದ್ದೂ ಅವಳಿಂದಲೇ. ಸುಂದ್ರವ್ವ ಒಂದು ಚಿಟಿಕೆ ಭಂಡಾರದ ಅರಿಶಿನ ತೆಗೆದು ಮಗನ ಹಣೆಗೆ ಹಚ್ಚಿದಳು.

"ವರ್ಷಾ ವರ್ಷಾ ಆಕಿ ಗುಡಿಗೆ ನಡಕೊಂತ ಹೋಗೇವಿ ಬೇ. ಈಗ ನನ್ನ ಕೂಸಿನ ಕಡೆ ನೋಡವರ್‍ಯಾರು?" ಎಂದ ಮಾಯಪ್ಪ.

"ಹಿಂಗ ನೋಡು, ಹಂಗ ನೋಡು ಅಂತ ಆಕಿಗೆ ಹೇಳಾಕ ನಾವ್ಯಾರಪಾ? ಕೇಳೂದು ನಮ್ಮದು. ಮಾಡೂದು, ಬಿಡೂದು ಆಕೀದು."

ಆ ಮಾತಿನಿಂದ ಅವನಿಗೆ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಜೊತೆಗಾರ ಭೀಮಸಿ ಬೈಕಿನಲ್ಲಿ ಬಂದ. ಮಹಾಪೂರಕ್ಕೆ ಮನೆ ಬಿಟ್ಟು ಬಂದ ಜನ ಊರ ಶಾಲೆಯಲ್ಲಿ ಉಳಿದಿದ್ದರು. ಮರ ಬಿದ್ದು ಅಲ್ಲಿಯ ವಿದ್ಯುತ್ ತಂತಿ ಹರಿದು, ಕುಡಿಯುವ ನೀರಿನ ಪಂಪು ನಿಂತಿತ್ತು.

"ನಿನ್ನ ಸಂಕಟ ಗೊತ್ತೈತಿ. ಆಗೂದಿಲ್ಲಂದ್ರ ಬ್ಯಾರೇದವರನ್ನ ನೋಡ್ತೀನಿ."

"ಮನ್ಯಾಗ ಕುಂತರ ಹುಚ್ಚ ಹಿಡೀತೈತಿ. ನಡಿ."

ಕಂಬ ನೀರಿನ ದಂಡೆಯಲ್ಲೇ ಇತ್ತು. ಕರೆಂಟು ತೆಗೆಯುವಂತೆ ಹೇಳಲು ಮಾಯಪ್ಪ ಸಬ್‌ಸ್ಟೇಷನ್ನಿನ ಜಿನ್ನಪ್ಪನಿಗೆ ಫೋನ್ ಹಚ್ಚಿದ. "ಲೈನ್ ಬಂದ್ ಮಾಡೀನಿ. ಹತ್ತು," ಎಂದ ಜಿನ್ನಪ್ಪ. ಮಾಯಪ್ಪ ಹತ್ತಿದ.

ತಂತಿಗೆ ಕೈ ಚಾಚಿದವನು ಹಾಗೆಯೇ ನಿಂತ. ಎಷ್ಟೋ ವರ್ಷಗಳಿಂದ ಮಾಡುತ್ತ ಬಂದ ಕೆಲಸ. ಜಿನ್ನಪ್ಪ ಲೈನ್ ಬಂದ್ ಮಾಡುವುದನ್ನು ಅವನು ಒಂದು ದಿನವೂ ಕಣ್ಣಾರೆ ನೋಡಿದವನಲ್ಲ. ದೂರದಲ್ಲಿ ಕೂತ ಮನುಷ್ಯನೊಬ್ಬ ಮಾಡೀನಿ ಅಂದರೆ ಸಾಕು, ಇವನು ತನ್ನ ಜೀವವನ್ನು ಆ ಮಾತಿನ ಮೇಲಿಟ್ಟು ಹತ್ತುತ್ತಿದ್ದ. ಕೆಳಗೆ, ಸುತ್ತಲೂ, ನೀರು ಸರಿಯುತ್ತಲೇ ಇತ್ತು. ಈ ನೀರಿಗೆ ಬಾ ಅಂದವಳು, ಹೋಗು ಅನ್ನುವವಳು ಒಬ್ಬಳಿದ್ದಾಳೆ, ಮಾಯವ್ವ. ಅವಳ ಮಾತಿಗೆ ದೂರವೆಲ್ಲಿ? ಹೊಳೆ ಯಾವ ಲೆಕ್ಕ? ಮಾಯಪ್ಪನ ಮೈಮೇಲೆ ಮುಳ್ಳೆದ್ದವು. ಕಂಬಕ್ಕೆ ಬಿಗಿದ ಬೆಲ್ಟಿಗೆ ಒರಗಿ, ಎರಡೂ ಕೈ ಜೋಡಿಸಿದ.

"ಅವ್ವಾ, ನೀ ಎದ್ದು ಬಾ ಅನ್ನಾಕ ನಾ ಅಷ್ಟು ದೊಡ್ಡಾಂವ ಅಲ್ಲ. ನೀ ಇದ್ದಲ್ಲಿಂದನ ಒಂದು ಮಾತು ಹೇಳು. ಕೂಸು ಉಳೀತೈತಿ. ನಿನ್ನ ಮನಸಿನ್ಯಾಗ ಬ್ಯಾರೆ ಇದ್ರ..." ಜೋಡಿಸಿದ ಕೈಗಳನ್ನು ಹಣೆಗೆ ಒತ್ತಿಕೊಂಡ. "ಅದೂ ನಿಂದ."

"ಏನಾತೋ ಮಾಯಪ್ಪ?" ಭೀಮಸಿ ಕೆಳಗಿನಿಂದ ಕೇಳಿದ.

"ಏನಿಲ್ಲ. ತಂತಿ ಕಳಸು."

ಶಾಲೆಯ ನಳಕ್ಕೆ ನೀರು ಬಂತು. ಮಾಯಪ್ಪನಿಗೆ ಮಾತ್ರ ಮಾಯವ್ವ ಕೇಳಿಸಿಕೊಂಡಳೆಂಬ ಯಾವ ಗುರುತೂ ಸಿಗಲಿಲ್ಲ. ಸಂಜೆ ನೀಲಮ ಫೋನ್ ಮಾಡಿ, ಜ್ವರ ಇಳಿದಿದೆ, ಆದರೆ ಪ್ಲೇಟ್‌ಲೆಟ್ ಇನ್ನೂ ಕಡಿಮೆಯಾಗಿವೆ, ಜ್ವರ ಬಿಟ್ಟ ಮೇಲೆಯೇ ಹೆಚ್ಚು ಜೋಪಾನ ಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಮರುದಿನವೂ ಅದೇ ಸುದ್ದಿ. ಆದರೂ ಅವನು ನೀರಿನ ಅಂಚಿಗೆ ಓಡಿಹೋಗಲಿಲ್ಲ. "ಕೂಸನ್ನ ಆಕಿಗೆ ಒಪ್ಪಿಸೀನಿ, ಇನ್ನ ತಿರುಗಿ ಇಸಕೊಳ್ಳೂದಿಲ್ಲ," ಎಂದು ತಾಯಿಗೆ ಹೇಳಿ, ಭೀಮಸಿಯ ಜೊತೆ ಇನ್ನೊಂದು ಊರಿನ ಲೈನ್ ಸರಿಮಾಡಲು ಹೋದ.

ಅಲ್ಲಿರುವಾಗ ಫೋನ್ ಬಂತು. ನೀಲಮಳ ದನಿಯಿಂದಲೇ ಅವನಿಗೆ ತಿಳಿಯಿತು. "ಪ್ಲೇಟ್‌ಲೆಟ್ ಏರಾಕತ್ತಾವ್ರಿ. ಈಗಷ್ಟ ಗಂಜಿ ಬೇಕಂತ ಕೇಳಿ ಕುಡದ್ಲು." ಮಾಯಪ್ಪ ಕೆಸರಿನಲ್ಲೇ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಹಚ್ಚಿದ. ಭೀಮಸಿ ತಲೆಯ ಟೊಪ್ಪಿಗೆ ತೆಗೆದು ಪಕ್ಕದಲ್ಲಿ ನಿಂತ.

ಹೊಳೆ ಇಳಿದು ಸೇತುವೆ ತೆರೆದ ದಿನ ಮಾಯಪ್ಪ ಮಿರಜ ಮುಟ್ಟಿದ. ಮಯೂರಿ ಮಂಚದ ಮೇಲೆ ಕೂತು ಮೋಸಂಬಿ ತಿನ್ನುತ್ತಿದ್ದಳು. "ಯಾಕ ಬರಲಿಲ್ಲ ಅಪ್ಪಾ?" ಎಂದಳು.

"ನೀರಿತ್ತವ್ವಾ," ಎಂದ ಮಾಯಪ್ಪ.

"ನಿಮ್ಮವ್ವನ್ನ ಒಬ್ಬಾಕೀನ ಬಿಟ್ಟಂಗಾತು," ಎಂದು ಅವನು ಮಗಳಿಗೆ ಹೇಳುವಂತೆ ಹೆಂಡತಿಗೆ ಹೇಳಿದ.

ನೀಲಮ ಮೋಸಂಬಿಯ ಸಿಪ್ಪೆ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಒಬ್ಬಾಕಿನ ಇದ್ನಿ, ಖರೆ. ಆದ್ರ ಒಬ್ಬಾಕಿ ಇದ್ದಂಗ ಅನಿಸಲಿಲ್ರಿ. ಯಾಕಂತ ನನಗ ಹೇಳಾಕ ಬರೂದಿಲ್ಲ."

ಮಾಯಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. "ಮ್ಯಾಲ ಕುಂದರ್ರಿ, ಕುರ್ಚಿ ಐತಿ," ಎಂದಳು ನೀಲಮ. ಬಾ ಎಂದು ಕರೆಯದಿದ್ದರೂ ಮಾಯವ್ವ ಇಲ್ಲಿಗೆ ಬಂದಿದ್ದಳೆಂದು ಅನಿಸಿ, ಅವನಿಗೆ ಏಳಲಾಗಲಿಲ್ಲ.