ಬಾಯಿಯ ನೋಂಬು

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಡಬದಿಂದ ನೆಲ್ಯಾಡಿಯವರೆಗೆ ಯಾರು ಬೇಕಾದರೂ ಹೇಳಿಯಾರು. ತ್ರೇಸ್ಯಾಮ್ಮ ಬೈದರೆ ರಬ್ಬರ್ ಹಾಲು ಆಸಿಡ್ ಹಾಕದೆಯೇ ಹೆಪ್ಪುಗಟ್ಟುತ್ತದೆ ಎಂದು ನನ್ನ ಗಂಡ ದೇವಸ್ಯ ಇಗರ್ಜಿಯ ಅಂಗಳದಲ್ಲಿ ಹತ್ತು ಜನರನ್ನು ನಗಿಸಿದ್ದುಂಟು. ಮನೆಗೆ ಬಂದ ಮೇಲೆ ಅವರಿಗೂ ಸಿಕ್ಕಿತು, ಅದು ಬೇರೆ ಮಾತು.

ಈ ಜನವರಿಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಸೊಸೆ ಜೆಸ್ನಾ ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿಗೆ ಬೆಂಕಿ ಜಾಸ್ತಿ ಹಾಕಿ ಹತ್ತು ಶೀಟು ಹಾಳುಮಾಡಿದಳು. ನಾನು ಶೀಟಿನಿಂದ ಬೈಯಲು ಶುರುಮಾಡಿ, ಪಂಜದಲ್ಲಿರುವ ಅವಳ ತವರಿಗೆ ಹೋಗಿ, ಕೊನೆಗೆ ತೀರಿಹೋದ ಅವಳ ತಾಯಿಯನ್ನೂ ಬಿಡಲಿಲ್ಲ. "ತಾಯಿ ಕಲಿಸದವಳಿಗೆ ನಾನೆಂತ ಕಲಿಸುದು?" ಎಂದೆ. ತಾಯಿ ಸತ್ತಾಗ ಆ ಹುಡುಗಿಗೆ ಹತ್ತು ವರ್ಷ. ಅವಳು ಬ್ಯಾಗು ಎತ್ತಿಕೊಂಡು ಪಂಜದ ಬಸ್ಸು ಹತ್ತಿದಳು.

ಮಗ ಸಿಜೋ ಪುತ್ತೂರಿನಲ್ಲಿ ಬಾಡಿಗೆ ಮನೆ ನೋಡಿ ಬಂದ. "ಪೆಸಹಾ ಗುರುವಾರಕ್ಕೆ ಅವಳನ್ನು ಕರ್ಕೊಂಡು ಬರ್ತೇನೆ ಅಮ್ಮಚ್ಚಿ. ಇನ್ನೊಂದು ಸಲ ಅವಳಿಗೆ ಹಾಗೆ ಹೇಳಿದ್ರೆ ನಾವಿಬ್ರೂ ಪುತ್ತೂರಿಗೆ ಹೋಗುದು" ಎಂದ. ಕೂಗಿ ಹೇಳಿದ್ದರೆ ನಾನೂ ಕೂಗುತ್ತಿದ್ದೆ. ಅವನು ಮೆಲ್ಲಗೆ ಹೇಳಿದ, ಅದಕ್ಕೇ ಹೆದರಿದೆ. ಅವರಿಬ್ಬರೂ ಹೊರಟುಹೋದರೆ ನಾನು ಯಾವ ಮುಖ ಹೊತ್ತು ಬದುಕಲಿ?

ಈಸ್ಟರಿಗೆ ಮುಂಚಿನ ಐವತ್ತು ದಿನದ ಉಪವಾಸಕ್ಕೆ ನಾವು ನೋಂಬು ಎನ್ನುತ್ತೇವೆ. ಮೀನು, ಮಾಂಸ ಬಿಡುವುದು ಎಲ್ಲರಿಗೂ ಇದ್ದದ್ದೇ. ಪಾಪನಿವೇದನೆಗೆ ಹೋದಾಗ, ಈ ಸಲ ಚಾವನ್ನೂ ಬಿಡುತ್ತೇನೆ ಎಂದು ಪಾದ್ರಿಗಳಿಗೆ ಹೇಳಿದೆ.

"ಚಾ ಕುಡಿಯಿರಿ. ಬಾಯಿಯನ್ನು ಕಾಯಿರಿ" ಎಂದರು ಅವರು. "ಯೇಸುಸ್ವಾಮಿ ಹಿಡಿದುಕೊಡಲ್ಪಟ್ಟ ರಾತ್ರಿ ತೋಟದಲ್ಲಿ ಶಿಷ್ಯರ ಹತ್ತಿರ ಎಂತ ಕೇಳಿದ್ದು? ಒಂದು ಗಂಟೆ ಎಚ್ಚರ ಇರಿ ಅಂತ. ಅವರು ನಿದ್ದೆ ಮಾಡಿದ್ರು. ನೀವು ಎಚ್ಚರ ಇರಿ."

"ನಾನು ಎಚ್ಚರ ಇಲ್ಲ ಅಂತ ಯಾರು ಹೇಳಿದ್ದು? ಮನೆಯಲ್ಲಿ ಒಂದು ಚಮಚ ಆಚೀಚೆ ಆದ್ರೂ ನನಗೆ ಗೊತ್ತಾಗ್ತದೆ."

"ಅದು ಬೇರೆಯವರ ಮೇಲಿನ ಕಾವಲು" ಎಂದರು. ನನ್ನ ಮಗನಿಗಿಂತ ಚಿಕ್ಕ ಪ್ರಾಯದ ಪಾದ್ರಿ! ಮನೆ ಮುಟ್ಟುವವರೆಗೂ ನನಗೆ ಸಿಟ್ಟು ಇಳಿಯಲಿಲ್ಲ. ಅವರ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು.

ಹಾಗೆ ನನ್ನ ಬಾಯಿಯ ನೋಂಬು ಶುರುವಾಯಿತು. ಸಿಟ್ಟು ಬಂದಾಗೆಲ್ಲ ಬಾಯಿ ತೆರೆಯುವ ಮೊದಲು ಒಂದು 'ನಮೋ ಮರಿಯಾ' ಜಪ ಮನಸ್ಸಿನಲ್ಲೇ ಹೇಳಬೇಕು ಎಂದು ನೇಮ ಮಾಡಿಕೊಂಡೆ. ಮೊದಲ ವಾರದಲ್ಲೇ ನಾನು ಹೇಳಿದ ಜಪ ಇಡೀ ವರ್ಷದಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಯಿತು. ದೇವಸ್ಯ ಗಾಬರಿಯಾಗಿ, "ಎಂತ, ಮೈಗೆ ಹುಷಾರಿಲ್ವಾ? ಬಿ.ಪಿ. ನೋಡಿಸುವಾ" ಎಂದರು. ಅವರು ಕೆಸರು ಕಾಲಲ್ಲಿ ಒಳಗೆ ಬಂದಿದ್ದರು. ಇನ್ನೊಂದು ಜಪ ಹೇಳಿದೆ.

ಬೇಲಿಯಾಚೆಯ ನೆರೆಮನೆಯ ಸಫಿಯಮ್ಮನಿಗೂ ಅದೇ ವಾರ ರಂಜಾನ್ ನೋಂಬು ಶುರುವಾಗಿತ್ತು. ನನ್ನ ನೇಮ ಕೇಳಿ, "ನಮ್ಮದೂ ಹಾಗೆಯೇ ಮಾರಾಯ್ತಿ. ಹಸಿದುಕೊಂಡು ಬೈದರೆ ಹಸಿವು ಮಾತ್ರ ಉಳಿಯುದು" ಎಂದಳು. ಅವಳ ಮೂವತ್ತು ದಿನ ಮುಗಿದು ಪೆರ್ನಾಳ್ ಹಬ್ಬ ಬಂದಾಗ, "ನನ್ನದು ಮುಗೀತು, ನಿನ್ನದು ಇನ್ನೂ ಉಂಟಲ್ಲ" ಎಂದು ಬೇಲಿಯ ಮೇಲಿಂದ ನನ್ನನ್ನು ರೇಗಿಸಿದಳು. ಅದಕ್ಕೂ ಒಂದು ಜಪ.

ಯೇಸುಸ್ವಾಮಿಯ ಕೊನೆಯ ಊಟವನ್ನು ನೆನೆಯುವ ಪೆಸಹಾ ಗುರುವಾರ ಬಂತು. ಅವತ್ತು ನಮ್ಮ ಮನೆಗಳಲ್ಲಿ ಒಂದು ರೊಟ್ಟಿ ಬೇಯಿಸುತ್ತಾರೆ. ಅಕ್ಕಿಹುಡಿ, ಉದ್ದು, ತೆಂಗಿನಕಾಯಿ. ಮೇಲೆ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿಯ ಶಿಲುಬೆ. ಮನೆಯ ಹಿರಿಯ ಪ್ರಾರ್ಥಿಸಿ ಅದನ್ನು ಮುರಿದು ಹಂಚುತ್ತಾನೆ. ಆ ಹಿಟ್ಟು ಹುಳಿ ಬರಬಾರದು. ಅದಕ್ಕೇ ರುಬ್ಬಿದ ಕೂಡಲೇ ಬೇಯಿಸಬೇಕು. ಇದು ನಮ್ಮವರಲ್ಲಿ ತಾಯಿ ಮಗಳಿಗೆ ಕಲಿಸುವ ಕೆಲಸ.

ಹಿಂದಿನ ದಿನವೇ ಬಂದಿದ್ದ ಜೆಸ್ನಾ, ನಾನು ಇಗರ್ಜಿಯಲ್ಲಿದ್ದಾಗ, ಅಮ್ಮಚ್ಚಿಗೆ ಕಷ್ಟ ಆಗದಿರಲಿ ಎಂದು ಬೆಳಿಗ್ಗೆ ಒಂಬತ್ತಕ್ಕೇ ಹಿಟ್ಟು ರುಬ್ಬಿ ಇಟ್ಟಿದ್ದಳು. ಮಧ್ಯಾಹ್ನ ನಮ್ಮ ವಾರ್ಡಿನ ಹೆಂಗಸರಿಗೆ ಇಗರ್ಜಿಯಲ್ಲೇ ಒಂದು ಗಂಟೆ ಆರಾಧನೆಯ ಸರದಿ ಇತ್ತು. ಅಲ್ಲಿ ನಾನು ತೂಕಡಿಸಿದ್ದು ಹೌದು. ನಿದ್ದೆ ಮಾಡಿದ ಆ ಶಿಷ್ಯರ ಮೇಲೆ ನನಗೆ ಈಗ ಸಿಟ್ಟಿಲ್ಲ. ನಾಲ್ಕು ಗಂಟೆಗೆ ಮನೆಗೆ ಬಂದು ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದೆ. ಏಪ್ರಿಲ್ ಸೆಕೆಗೆ ಹಿಟ್ಟು ಉಬ್ಬಿ, ಗುಳ್ಳೆ ಎದ್ದು, ಅಂಚಿನಿಂದ ಚೆಲ್ಲುತ್ತಿತ್ತು. ಹುಳಿ ವಾಸನೆ ಮೂಗಿಗೆ ಬಡಿಯಿತು.

ಮಾತು ಸಿದ್ಧವಾಗಿತ್ತು. ಜನವರಿಯದ್ದೇ ಮಾತು, ಒಂದಕ್ಷರ ಬದಲಾಗಿರಲಿಲ್ಲ. ಅದು ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಅರುವತ್ತೆರಡು ವರ್ಷ ಅದು ನನಗೆ ತಿಳಿಯದ ಹಾಗೆ ದಾಟಿ ಹೋಗುತ್ತಿತ್ತು. ಅವತ್ತು ಹಿಡಿದೆ. ಒಂದು ಜಪ ಸಾಲಲಿಲ್ಲ. ಎರಡು. ಮೂರು. ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದೆ. ಸಿಜೋ ಹಿಂದೆ ಬಂದು ನಿಂತ.

ಜೆಸ್ನಾ ಒಳಗೆ ಬಂದು ಪಾತ್ರೆ ನೋಡಿದಳು, ನನ್ನ ಮುಖ ನೋಡಿದಳು. "ಅಮ್ಮಚ್ಚಿ, ಬೈದುಬಿಡಿ. ಹೀಗೆ ಸುಮ್ಮನೆ ನಿಂತ್ರೆ ಇನ್ನೂ ಹೆದರಿಕೆ ಆಗ್ತದೆ."

ಅಯ್ಯೋ ದೇವರೇ, ನಲವತ್ತೈದು ದಿನ ಬಾಯಿ ಮುಚ್ಚಿದ್ದೇ ದೊಡ್ಡ ಸಾಹಸ ಎಂದುಕೊಂಡಿದ್ದೆ. ಮುಚ್ಚಿದ ಬಾಯಿಗೂ ಈ ಹುಡುಗಿ ಹೆದರುತ್ತಿದ್ದಳು. ಕಾವಲು ಎಂದರೆ ಬರೀ ಬೀಗ ಜಡಿಯುವುದಲ್ಲ, ಬರಬೇಕಾದವರಿಗೆ ಬಾಗಿಲು ತೆರೆಯುವುದೂ ಹೌದಲ್ಲವೇ? ಬಾಯಿ ತೆರೆದೆ.

"ಜನವರಿಯಲ್ಲಿ ನಿನ್ನ ಅಮ್ಮನ ಬಗ್ಗೆ ಹೇಳಿದ್ದು ದೊಡ್ಡ ತಪ್ಪು ಮೋಳೆ, ನನ್ನ ಮಗಳೇ. ಆ ತಾಯಿ ಇದ್ದಿದ್ರೆ ಇದೆಲ್ಲ ಕಲಿಸ್ತಿದ್ರು. ಅವರು ಇಲ್ಲ, ನಾನಿದ್ದೇನೆ. ಕಲಿಸಬೇಕಾದ್ದು ನಾನು, ಕಲಿಸಲಿಲ್ಲ. ನನ್ನನ್ನು ಕ್ಷಮಿಸು."

ಜೆಸ್ನಾ ಪಾತ್ರೆಯ ಮುಂದೆಯೇ ಕೂತು ಅತ್ತಳು. ನಾನೂ ಅತ್ತೆ. ಐದು ನಿಮಿಷ ಆದ ಮೇಲೆ, "ಸಾಕು, ಏಳು. ಉದ್ದು ನೆನೆಹಾಕು, ಅಕ್ಕಿಹುಡಿ ಡಬ್ಬಿಯಲ್ಲಿ ಉಂಟು" ಎಂದೆ. ಹುರಿದ ಹುಡಿಗೆ ಎಷ್ಟು ಉದ್ದು, ಎಷ್ಟು ನೀರು, ಹಿಟ್ಟು ಬೆರಳಿಗೆ ಹೇಗೆ ಅಂಟಬೇಕು, ಎಲ್ಲ ಅವಳ ಕೈ ಹಿಡಿದು ತೋರಿಸಿದೆ. ಹುಳಿ ಬಂದ ಹಿಟ್ಟು ಬೇಲಿ ದಾಟಿ ಹೋಯಿತು. ಸಫಿಯಮ್ಮನ ಮನೆಯಲ್ಲಿ ಅದರಿಂದ ಸುಟ್ಟ ಅಪ್ಪ ಹತ್ತಿಯ ಹಾಗೆ ಮೆತ್ತಗೆ ಬಂತಂತೆ.

ಏಳು ಗಂಟೆಗೆ ರೊಟ್ಟಿ ಬೆಂದಿತು. ದೇವಸ್ಯ ಪ್ರಾರ್ಥಿಸಿ, ಮುರಿದು, ಪ್ರಾಯದ ಪ್ರಕಾರ ಒಬ್ಬೊಬ್ಬರಿಗೇ ಕೊಟ್ಟರು. ಜೆಸ್ನಾ ಎಲ್ಲರಿಗಿಂತ ಕಿರಿಯಳು, ಕೊನೆಯಲ್ಲಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಒಂದು ತುಂಡು ಬಾಯಿಗೆ ಹಾಕಿ, ನನ್ನನ್ನು ಓರೆಗಣ್ಣಿನಲ್ಲಿ ನೋಡಿ ಕೇಳಿದಳು:

"ಅಮ್ಮಚ್ಚಿ, ಭಾನುವಾರ ನೋಂಬು ಮುಗೀತದಲ್ಲ. ಮತ್ತೆ?"

"ಮತ್ತೆ ಎಂತ? ಈ ಬಾಯಿ ಸಾಯುವವರೆಗೂ ನನ್ನ ಹತ್ತಿರವೇ ಇರುದಲ್ವಾ! ಕಾಯ್ತೇನೆ. ನಾನು ತೂಕಡಿಸಿದ್ರೆ ನೀನು ಎಬ್ಬಿಸು."

ಅವಳು ನಕ್ಕಳು. ಆಮೇಲೆ ಸಿಜೋನ ಕಡೆ ತಿರುಗಿ, "ಪುತ್ತೂರಿನವರಿಗೆ ಫೋನ್ ಮಾಡಿ, ಮನೆ ಬೇಡ ಅಂತ ಹೇಳಿ" ಎಂದಳು.

ನಾನು ಎಷ್ಟೋ ಜನರನ್ನು ಮಾತಿನಲ್ಲಿ ಸೋಲಿಸಿದವಳು. ದೇವರಾಣೆ, ಈ ತ್ರೇಸ್ಯಾಮ್ಮನನ್ನು ನಾನೇ ಸೋಲಿಸಿದ್ದು ಅದೇ ಮೊದಲು, ಅಂಥ ಖುಷಿಯನ್ನು ನಾನು ಯಾವ ಜಗಳ ಗೆದ್ದಾಗಲೂ ಕಂಡಿರಲಿಲ್ಲ.