ಕೆನ್ನೆ ಆನಿಸುವ ಜಾಗ

ಆ ಮನೆಯಲ್ಲಿ ಅಕ್ಕ ತಂಗಿ ಇಬ್ಬರ ಕೈಯಲ್ಲೂ ಗನ್ ಇತ್ತು. ತಂಗಿಯದು ರೈಫಲ್, ಅಕ್ಕನದು ಬಣ್ಣ ಹೊಡೆಯುವ ಸ್ಪ್ರೇ ಗನ್. ತಂಗಿ ಗುರಿಯಿಟ್ಟು ಹೊಡೆದರೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಕೊರಳಿಗೆ ಪದಕ ಹಾಕುತ್ತಿದ್ದರು. ಅಕ್ಕ ಹೊಡೆದರೆ ಪಕ್ಕದ ದರ್ಜಿ ಬಂದು, ವಾಸನೆ ತಡೆಯೋಕಾಗ್ತಿಲ್ಲ, ಸ್ವಲ್ಪ ಬಾಗಿಲು ಮುಂದೆ ಮಾಡ್ಕೊಳ್ಳಿ ಎನ್ನುತ್ತಿದ್ದ. ಇಷ್ಟು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆಯೇ.

ಮನೆಯ ಮುಂಭಾಗವೇ ಅಕ್ಕನ ವರ್ಕ್‌ಶಾಪ್. ಒಂದು ಮೂಲೆಯಲ್ಲಿ ಕಂಪ್ರೆಸರ್, ಗೋಡೆಯುದ್ದಕ್ಕೂ ಬಣ್ಣದ ಡಬ್ಬಿಗಳು, ಮೇಲಿನ ಕಂಬಿಯಿಂದ ಇಳಿಬಿಟ್ಟ ಕೊಕ್ಕೆಗಳು. ಬೈಕಿನ ಟ್ಯಾಂಕು, ಹೆಲ್ಮೆಟ್ಟು, ಫ್ಯಾನಿನ ರೆಕ್ಕೆ, ಎಲ್ಲವೂ ಅವಳ ಹತ್ತಿರ ಬರುತ್ತಿದ್ದವು. ಗಿರಾಕಿಗಳು ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಊರಿನ ಶೂಟಿಂಗ್ ಕ್ಲಬ್ಬಿನವರು ತಮ್ಮ ರೈಫಲ್‌ಗಳ ಸ್ಟಾಕ್ ತರುತ್ತಿದ್ದರು. ಸ್ಟಾಕ್ ಎಂದರೆ ಭುಜಕ್ಕೆ ಒತ್ತಿಕೊಂಡು, ಕೆನ್ನೆ ಆನಿಸಿ ಗುರಿ ನೋಡುವ ಆ ಉದ್ದನೆಯ ಹಿಡಿ. ಮೊದಲು ಮರದ್ದಿರುತ್ತಿತ್ತು, ಈಗ ಬಹುಪಾಲು ಕಪ್ಪು ಫೈಬರಿನದು. ಕಪ್ಪು ಬೇಜಾರಾದವರು ತಮಗೆ ಬೇಕಾದ ಬಣ್ಣ ಹೊಡೆಸಿಕೊಳ್ಳುತ್ತಾರೆ.

ಫೈಬರಿಗೆ ಬಣ್ಣ ಹಿಡಿಸುವುದು ಸುಲಭದ ಮಾತಲ್ಲ. ಅಚ್ಚಿನಿಂದ ಬರುವಾಗಲೇ ಅದರ ಮೈಗೆ ಕಣ್ಣಿಗೆ ಕಾಣದ ಜಿಡ್ಡು ಅಂಟಿರುತ್ತದೆ. ಸೋಪಿನ ನೀರಲ್ಲಿ ತೊಳೆಯಬೇಕು, ನುಣುಪು ಹೋಗುವ ತನಕ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು, ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಉಜ್ಜದೆ ಹೊಡೆದ ಬಣ್ಣ ನೋಡಲು ಬಂಗಾರದಂತೆ ಕಂಡರೂ ನಾಲ್ಕು ದಿನದಲ್ಲಿ ಸಿಪ್ಪೆಯಾಗಿ ಏಳುತ್ತದೆ.

ಈ ಕೆಲಸವನ್ನು ಅವಳಿಗೆ ಕಲಿಸಿದ್ದು ಸೋದರಮಾವ. ಅವನಿಗೊಂದು ನೇಮವಿತ್ತು. ಬಣ್ಣ ಒಣಗಿದ ಮೇಲೆ ಅಂಟು ಟೇಪನ್ನು ಗಟ್ಟಿಯಾಗಿ ಒತ್ತಿ, ಒಂದೇ ಏಟಿಗೆ ಎಳೆದು ನೋಡುತ್ತಿದ್ದ. ಟೇಪಿಗೆ ಚೂರೂ ಬಣ್ಣ ಬರದಿದ್ದರೆ ಮಾತ್ರ ಹೆಬ್ಬೆರಳನ್ನು ಅದೇ ಬಣ್ಣದಲ್ಲಿ ಅದ್ದಿ, ವಸ್ತುವಿನ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ ಒತ್ತುತ್ತಿದ್ದ. ಅದು ಗಿರಾಕಿಗಾಗಿ ಅಲ್ಲ, ತನಗಾಗಿ. "ಟೇಪ್ ಎಳೀದೆ ಹೆಬ್ಬೆಟ್ಟು ಒತ್ತಿದ್ರೆ ಆ ಹೆಬ್ಬೆಟ್ಟು ಕೊಳೆತು ಹೋಗತ್ತೆ" ಎಂದು ಮಕ್ಕಳನ್ನು ಹೆದರಿಸುತ್ತಿದ್ದ. ಅವನು ತೀರಿಕೊಂಡ ಮೇಲೂ ಅಕ್ಕ ಆ ನೇಮ ಬಿಟ್ಟಿರಲಿಲ್ಲ. ಅಲ್ಲೇ ಆಡಿ ಬೆಳೆದ ತಂಗಿಗೂ ಅದು ಗೊತ್ತಿತ್ತು.

ಈಗ ಹೊಟ್ಟೆಕಿಚ್ಚಿನ ವಿಷಯಕ್ಕೆ ಬರೋಣ. ಅಪ್ಪ ಅದೇ ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ಮಕ್ಕಳಿಗಾಗಿ ಹಳೆಯ ರೈಫಲೊಂದನ್ನು ಅಲ್ಲಿ ಇಲ್ಲಿ ಬೇಡಿ ಜೋಡಿಸಿದ್ದ. ಮೊದಲು ಅದನ್ನು ಹಿಡಿದವಳು ಅಕ್ಕ. ಹದಿನಾಲ್ಕನೇ ವಯಸ್ಸಿಗೆ ಕ್ಲಬ್ಬಿನ ದೊಡ್ಡವರನ್ನೇ ಹಿಂದೆ ಹಾಕಿದ್ದಳು. ಆದರೆ ರೈಫಲ್ ಒಂದು, ಮಕ್ಕಳು ಇಬ್ಬರು. ತಂಗಿ ಅತ್ತು ರಂಪ ಮಾಡಿದಾಗ ಅಪ್ಪ ಒಂದು ಮಾತು ಹೇಳಿದ. "ನೀನು ದೊಡ್ಡವಳಲ್ವಾ, ಅವಳಿಗೆ ಬಿಡು." ದೊಡ್ಡ ಮಕ್ಕಳಾಗಿ ಹುಟ್ಟಿದ ಯಾರೇ ಆದರೂ ಈ ಮಾತು ಕೇಳಿದವರೇ. ಅಕ್ಕ ಬಿಟ್ಟಳು. ರೈಫಲ್ ಬಿಟ್ಟಳು, ಸೈಕಲ್ ಬಿಟ್ಟಳು, ಕಿಟಕಿಯ ಪಕ್ಕದ ಮಂಚ ಬಿಟ್ಟಳು. ಹೊಟ್ಟೆಯೊಳಗಿನ ಉರಿಯನ್ನು ಮಾತ್ರ ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಅದನ್ನು ಸಾಕಿಕೊಂಡು, ಮೇಲೆ ನಗುತ್ತಾ ಬಂದಿದ್ದಳು.

ಈ ಸಲ ತಂಗಿ ದೇಶದ ತಂಡದ ಆಯ್ಕೆಯ ತನಕ ಬಂದಿದ್ದಳು. ಕೊನೆಯ ಸುತ್ತಿನಲ್ಲಿ ಮೊದಲ ಮೂವರಿಗೆ ಜಾಗ. ಅದಕ್ಕೆ ಹತ್ತು ದಿನ ಇರುವಾಗ ಹೊಸ ಫೈಬರ್ ಸ್ಟಾಕನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿಕೊಂಡು ವರ್ಕ್‌ಶಾಪಿಗೆ ಬಂದಳು.

"ಅಕ್ಕ, ಇದಕ್ಕೆ ನೀನೇ ಹೊಡ್ಕೊಡ್ಬೇಕು. ನಮ್ಮ ಸೈಕಲ್ ಇತ್ತಲ್ಲ, ಆ ಬಣ್ಣ. ಕೆಳಗೆ ಕಡು ಹಸಿರು, ಮೇಲೆ ಬರ್ತಾ ಬರ್ತಾ ತಿಳಿ ನೀಲಿ."

ಅಕ್ಕ ಬ್ರಷ್ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. ನಮ್ಮ ಸೈಕಲ್ ಅಂತೆ. ಅದು ಅಕ್ಕನ ಸೈಕಲ್. ಮಾವನ ಕೈಕೆಳಗೆ ಅವಳು ಮೊಟ್ಟಮೊದಲು ಬಣ್ಣ ಹೊಡೆದದ್ದು ಅದಕ್ಕೆ, ಆ ಹಸಿರು ನೀಲಿಯನ್ನು ಬೆರೆಸಲು ಮೂರು ದಿನ ಹಿಡಿದಿತ್ತು. ಹೊಡೆದ ಮರುವಾರವೇ ಅದೂ ತಂಗಿಯ ಪಾಲಾಗಿತ್ತು. ಸೈಕಲ್ ಹೋಗಿ, ಈಗ ಅದರ ಬಣ್ಣವೂ ಬೇಕಾಯಿತೇ ಇವಳಿಗೆ ಎಂದುಕೊಳ್ಳುತ್ತಾ ಬ್ರಷ್ಷನ್ನು ಬಿಗಿಯಾಗಿ ಹಿಂಡಿದಳು.

"ಇಟ್ಟು ಹೋಗು. ನೋಡ್ತೀನಿ" ಎಂದಳು.

"ನೋಡ್ತೀನಿ ಅಂದ್ರೆ? ಗಿರಾಕಿಗೆ ಹೇಳೋ ಹಾಗೆ ಹೇಳ್ತೀಯಲ್ಲ."

"ಗಿರಾಕಿಯಾದ್ರೆ ಎರಡು ವಾರ ಕಾಯಿಸ್ತಿದ್ದೆ. ನಿನಗೆ ಶನಿವಾರ."

ಬಣ್ಣ ಬೆರೆಸಲು ಕೂತಾಗ ಅವಳಿಗೆ ಸಿಟ್ಟಿಗಿಂತ ಕೆಲಸದ ಹುರುಪೇ ಹೆಚ್ಚಾಯಿತು ಎಂಬುದನ್ನು ಮುಚ್ಚಿಡುವುದು ಬೇಡ. ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಹನಿ ಹನಿಯಾಗಿ ಬೆರೆಸಿ, ಬಿಸಿಲಿಗೆ ಹಿಡಿದು ನೋಡಿ, ಇನ್ನೊಂದು ಹನಿ ಬಿಳಿ ಹಾಕಿ, ಕೊನೆಗೂ ಆ ಸೈಕಲಿನ ಬಣ್ಣವನ್ನು ಹಿಡಿದಳು. ಸ್ಟಾಕನ್ನು ಮುಂದಿನ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾ, ಉಜ್ಜುತ್ತಾ ಬಂದಳು. ಇನ್ನು ಉಳಿದದ್ದು ಒಂದು ಗೇಣು, ಕೆನ್ನೆ ಆನಿಸುವ ಜಾಗ. ಒರೆಸುವುದು, ಉಜ್ಜುವುದು ಎರಡೂ ಅಲ್ಲಿ ಬಾಕಿ.

ಅಷ್ಟರಲ್ಲಿ ಒಳಗಿನಿಂದ ಅಪ್ಪ ಕೂಗಿದ. ಪತ್ರಿಕೆಯವನೊಬ್ಬ ತಂಗಿಯ ಬಗ್ಗೆ ಬರೆಯಲು ಬಂದಿದ್ದ. ಅಪ್ಪ ಪದಕಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಹೊಸ ಅಂಗಿ ತೊಟ್ಟು ಕೂತಿದ್ದ. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಳು.

"ಇವರು?" ಎಂದು ಪತ್ರಿಕೆಯವನು ಕೇಳಿದ.

"ಇವಳಾ? ಇವಳು ಬಣ್ಣ ಹೊಡೀತಾಳೆ" ಎಂದ ಅಪ್ಪ. "ಒಂದೆರಡು ಲೋಟ ನೀರು ತಾರಮ್ಮ."

ಮಗಳು ಎನ್ನಲಿಲ್ಲ. ದೊಡ್ಡವಳು ಎಂದೂ ಅನ್ನಲಿಲ್ಲ. ಬಾಗಿಲಿಗೆ ಬಣ್ಣ ಹೊಡೆಯಲು ಬಂದವಳ ಬಗ್ಗೆ ಹೇಳಿದ ಹಾಗೆ ಹೇಳಿಬಿಟ್ಟ. ಪಾಪ, ಅವನಿಗೆ ಹಾಗೆ ಹೇಳಿದ್ದು ಗೊತ್ತೂ ಇರಲಿಲ್ಲ. ಅಕ್ಕ ನೀರು ತಂದಿಟ್ಟಳು. ಆ ಪತ್ರಿಕೆಯವನು ಪದಕಗಳ ಫೋಟೋ ತೆಗೆದ, ಅಪ್ಪನ ಫೋಟೋ ತೆಗೆದ, ಖಾಲಿ ಗೋಡೆಗೆ ಒರಗಿಸಿದ್ದ ಹಳೆಯ ರೈಫಲಿನ ಫೋಟೋ ಕೂಡ ತೆಗೆದ. ತಾನು ಹದಿನಾಲ್ಕರಲ್ಲಿ ಹಿಡಿದಿದ್ದ ಅದೇ ರೈಫಲ್.

ವರ್ಕ್‌ಶಾಪಿಗೆ ವಾಪಸ್ಸು ಬಂದಾಗ ಸ್ಯಾಂಡ್ ಪೇಪರ್ ಬೆಂಚಿನ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ಸೋಪಿನ ನೀರನ್ನು ಚೆಲ್ಲಿ, ಪ್ರೈಮರನ್ನು ಗನ್ನಿಗೆ ತುಂಬಿ, ಉಜ್ಜಿದ ಜಾಗಕ್ಕೂ ಉಜ್ಜದ ಆ ಒಂದು ಗೇಣಿಗೂ ಒಂದೇ ಸಮನೆ ಹೊಡೆದಳು. ಬಣ್ಣ ಸ್ವಲ್ಪ ಎದ್ದರೆ ಏನಂತೆ, ಒಂದು ಸಲವಾದರೂ ತಂಗಿಯ ಕೈಯಲ್ಲಿನ ವಸ್ತು ಎಲ್ಲರ ಎದುರು ಕುರೂಪವಾಗಲಿ ಎಂದುಕೊಂಡಳು. ಪಂದ್ಯ ಹೋಗಲಿ ಎಂದುಕೊಳ್ಳಲಿಲ್ಲ. ಅಥವಾ ಎಂದುಕೊಂಡಳೋ ಏನೋ, ಅದನ್ನು ಅವಳು ತನಗೇ ಕೇಳಿಸದ ಹಾಗೆ ನೋಡಿಕೊಂಡಳು.

ಬಣ್ಣ ಮಾತ್ರ ಅವಳು ಜೀವಮಾನದಲ್ಲಿ ಹೊಡೆದದ್ದರಲ್ಲೇ ಚೆಂದ ಬಂತು. ಹಸಿರು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಶುಕ್ರವಾರ ಒಣಗಿದ ಮೇಲೆ ಅಭ್ಯಾಸಬಲದಿಂದ ಕೈ ಟೇಪಿನ ಕಡೆ ಹೋಯಿತು. ಹಿಂದಕ್ಕೆ ತಂದುಕೊಂಡಳು. ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದಿ, ನಳಿಕೆ ಕೂರುವ ಒಳಗಿನ ತೋಡಿನ ಮೇಲೆ ಹಿಡಿದಳು. ಬೆರಳು ಇಳಿಯಲಿಲ್ಲ. ತಂಗಿಗೆ ಮೋಸ ಮಾಡುವುದು ಸಾಧ್ಯವಾದವಳಿಗೆ ಸತ್ತ ಮಾವನಿಗೆ ಮೋಸ ಮಾಡಲು ಧೈರ್ಯ ಬರಲಿಲ್ಲ. ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಶನಿವಾರ ತಂಗಿ ಬಂದು ಸ್ಟಾಕನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು. ಒಳಗಿನ ತೋಡಿನಲ್ಲೂ ಇಣುಕಿದಳು. ಅಕ್ಕ ಬೇರೆ ಕಡೆ ನೋಡುತ್ತಾ ಡಬ್ಬಿಯೊಂದರ ಮುಚ್ಚಳ ಬಿಗಿ ಮಾಡಿದಳು. ತಂಗಿ ಒಳಗೆ ಬೆರಳಿಂದ ಒಮ್ಮೆ ಸವರಿ, ಸ್ಟಾಕನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು.

"ಅದೇ ಸೈಕಲ್" ಎಂದಳು. "ತುಂಬಾ ಚೆನ್ನಾಗಿದೆ ಅಕ್ಕ."

ಕಂಡಿರಲಿಕ್ಕಿಲ್ಲ ಎಂದು ಅಕ್ಕ ಸಮಾಧಾನ ಮಾಡಿಕೊಂಡಳು.

ಅಭ್ಯಾಸದ ಮೂರು ದಿನ ಬಣ್ಣ ತಡೆಯಿತು. ಪಂದ್ಯದ ದಿನ ಅಪ್ಪ ಬೆಳಿಗ್ಗೆಯಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮಧ್ಯಾಹ್ನ ಕರೆ ಬಂತು. ಕೇಳಿ, ಹೂಂ ಹೂಂ ಎಂದು, ಫೋನಿಟ್ಟ. "ನಾಲ್ಕನೇ ಜಾಗವಂತೆ" ಎಂದ. ಅಕ್ಕ ಹೆಲ್ಮೆಟ್ಟೊಂದನ್ನು ಒರೆಸುತ್ತಿದ್ದಳು. ಇಪ್ಪತ್ತು ವರ್ಷ ಕಾದಿದ್ದ ಸುದ್ದಿ ಅದು. ಖುಷಿಯಾಗಬೇಕಿತ್ತು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಮರುದಿನ ತಂಗಿ ಮನೆಗೆ ಬಂದಳು. ಅಪ್ಪ ಏನಾಯ್ತಮ್ಮ ಎಂದು ಕೇಳಿದರೆ, "ಕೊನೇ ಹತ್ತು ಗುಂಡಲ್ಲಿ ಉಸಿರು ಹಿಡಿತಕ್ಕೆ ಸಿಗಲಿಲ್ಲಪ್ಪ" ಎಂದಳು. ಅಪ್ಪ ಹಾಗಾಗುತ್ತದೆ ಬಿಡು ಎಂದು ಒಳಗೆ ಹೋದ. ಅವಳು ನೇರವಾಗಿ ವರ್ಕ್‌ಶಾಪಿಗೆ ಬಂದು ಸ್ಟಾಕನ್ನು ಬೆಂಚಿನ ಮೇಲಿಟ್ಟಳು. ಕೆನ್ನೆ ಆನಿಸುವ ಜಾಗದಲ್ಲಿ ಅಂಗೈಯಗಲ ಬಣ್ಣವಿರಲಿಲ್ಲ. ಅಡಿಯ ಕಪ್ಪು ಹೊಳೆಯುತ್ತಿತ್ತು, ಮೊದಲ ದಿನದಷ್ಟೇ ನುಣ್ಣಗೆ.

"ಬೆವರಿಗೆ ಎದ್ದುಬಿಡ್ತು. ಕೆನ್ನೆಗೆ ಅಂಟ್ಕೊಳ್ತು" ಎಂದಳು ತಂಗಿ. "ಒಂದೊಂದು ಗುಂಡಿಗೂ ಕೆನ್ನೆ ಒಂದೊಂದು ಕಡೆ ಕೂರ್ತಿತ್ತು. ಪಕ್ಕದಲ್ಲಿದ್ದೋರು ಯಾರ ಹತ್ರ ಹೊಡೆಸಿದ್ದು ಅಂತ ಕೇಳಿದ್ರು. ನಾನೇ ಒಣಗೋ ಮುಂಚೆ ಆತುರ ಮಾಡಿ ತಂದೆ ಅಂದೆ."

ಅಕ್ಕನಿಗೆ ಮೊದಲು ನಾಚಿಕೆಯಾಗಲಿಲ್ಲ. ನಾಚಿಕೆಗಿಂತ ಮುಂಚೆ ಆ ಹಳೆಯ ಉರಿಯೇ ಎದ್ದಿತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ, ಇದನ್ನೂ ಇವಳಿಗೇ ಬಿಟ್ಟುಕೊಡಬೇಕೇ?

"ನನ್ನ ಹೆಸರು ಉಳಿಸು ಅಂತ ನಾನು ಕೇಳಿದ್ನಾ?" ಎಂದಳು. "ಉಜ್ಜಿಲ್ಲ ನಾನು ಅಲ್ಲಿ. ಬೇಕು ಅಂತಲೇ ಉಜ್ಜಿಲ್ಲ."

"ಉಜ್ಜಿಲ್ಲ ಅಂತ ಗೊತ್ತಿರಲಿಲ್ಲ. ಟೇಪ್ ಎಳೆದಿಲ್ಲ ಅಂತ ಗೊತ್ತಿತ್ತು. ಒಳಗೆ ಹೆಬ್ಬೆಟ್ಟಿರಲಿಲ್ಲ."

ಅಕ್ಕ ಸ್ಟಾಕನ್ನು ತನ್ನ ಕಡೆ ಎಳೆದುಕೊಂಡಳು. "ನೋಡಿದ್ಯಾ? ನೋಡಿಯೂ ತಗೊಂಡು ಹೋದ್ಯಾ? ಹಳೇ ಸ್ಟಾಕ್ ಇತ್ತಲ್ಲೇ ನಿನ್ನ ಹತ್ರ."

"ಇತ್ತು" ಎಂದಳು ತಂಗಿ. "ಮರೆತಿರ್ತಾಳೆ ಅಂದ್ಕೊಂಡೆ. ನನ್ನ ಅಕ್ಕ ಹೊಡೆದ ಬಣ್ಣ, ಅದಕ್ಕೆ ಗುರುತು ಯಾಕೆ ಬೇಕು ಅಂದ್ಕೊಂಡೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ತಿರುಗಿ ಬೈಯಲು ಇಪ್ಪತ್ತು ವರ್ಷದ ಸರಕು ಇತ್ತು. ಅದನ್ನೆಲ್ಲ ನಾಲಿಗೆ ತುದಿಯಲ್ಲೇ ಇಟ್ಟುಕೊಂಡು ನಿಂತವಳಿಗೆ ಈಗ ಮಾತ್ರ ನಾಚಿಕೆ ಬಂತು. ಬಂದದ್ದು ಸಣ್ಣ ನಾಚಿಕೆಯಲ್ಲ.

ಎರಡು ತಿಂಗಳಿಗೆ ಇನ್ನೊಂದು ಆಯ್ಕೆಯಿತ್ತು, ಮೀಸಲು ಜಾಗಕ್ಕೆ. ಅಕ್ಕ ಯಾರೂ ಹೇಳದೆ ಸ್ಟಾಕನ್ನು ಕೈಗೆತ್ತಿಕೊಂಡಳು. ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಹೊಡೆದ ಬಣ್ಣವನ್ನು ಬುಡದ ತನಕ ಕೆರೆದು ತೆಗೆದಳು. ಎರಡು ಸಲ ತೊಳೆದಳು. ಕೆನ್ನೆ ಆನಿಸುವ ಜಾಗವನ್ನು ಬೆರಳ ತುದಿ ಕೆಂಪಾಗುವ ತನಕ ಉಜ್ಜಿದಳು. ಮತ್ತೆ ಪ್ರೈಮರ್, ಮತ್ತೆ ಅದೇ ಹಸಿರು, ಅದೇ ನೀಲಿ. ಒಣಗಿದ ಮೇಲೆ ಏಳು ಕಡೆ ಟೇಪ್ ಒತ್ತಿ ಎಳೆದಳು. ಏಳು ಟೇಪೂ ಚೊಕ್ಕವಾಗಿ ಬಂದವು. ಆಗ ಹೆಬ್ಬೆರಳನ್ನು ಅದ್ದಿ, ಒಳಗಿನ ತೋಡಿನಲ್ಲಿ ಒತ್ತಿದಳು. ಗೆರೆ ಗೆರೆಯೂ ಮೂಡಿತು. ಉರಿ ಆರಿತ್ತು ಎಂದರೆ ಸುಳ್ಳಾಗುತ್ತದೆ. ಇತ್ತು. ಅದರ ಜೊತೆಗೇ ಒತ್ತಿದಳು.

ಸಂಜೆ ತಂಗಿ ಬಂದಳು. ಸ್ಟಾಕನ್ನು ತಿರುಗಿಸಿ ಒಳಗೆ ನೋಡಿದಳು. ಹೆಬ್ಬೆಟ್ಟು ಇನ್ನೂ ಹಸಿಯಾಗಿ ಮಿನುಗುತ್ತಿತ್ತು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

"ಒತ್ತಿದ್ದೀಯ" ಎಂದಳು ತಂಗಿ.

"ಹೂಂ. ಎಳೆದು ನೋಡಿಯೇ ಒತ್ತಿದ್ದು."

ತಂಗಿ ತಲೆಯಾಡಿಸಿದಳು. ಸ್ಟಾಕನ್ನು ಟವೆಲಿನ ಮೇಲಿಟ್ಟು, ಬೆಂಚಿನಾಚೆಗೆ ಕೈ ಚಾಚಿ, ಮೊಳೆಗೆ ನೇತುಹಾಕಿದ್ದ ಟೇಪಿನ ಸುರುಳಿ ತೆಗೆದುಕೊಂಡಳು. ಒಂದು ತುಂಡು ಹರಿದು ಕೆನ್ನೆ ಆನಿಸುವ ಜಾಗಕ್ಕೆ ಅಂಟಿಸಿ, ಉಗುರಿನಿಂದ ತೀಡಿ, ಎಳೆದಳು. ಚೊಕ್ಕವಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ತುಂಡು ಹರಿದಳು.

ಅಕ್ಕ ಬಣ್ಣದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ತಂಗಿ ಎಳೆಯುವುದನ್ನು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದಳು.